ಎಂಟನೇ ತಿಂಗಳಿಗೇ ಹುಟ್ಟಿದವಳಿಗೆ ‘ಶ್ವಾಸಕೋಶದ ಬಿಪಿ’ ಬಂದೇ ಬರುತ್ತಾ?

ಪ್ರಶ್ನೆ: ಡಾಕ್ಟರೇ, ನನಗೆ 26 ವರ್ಷ. ತವರು ಬಂಗಾರಪೇಟೆ ಕಡೆ, ಕೊಟ್ಟಿರೋದು ಶಿಡ್ಲಘಟ್ಟದ ಹತ್ತಿರ. ಚೊಚ್ಚಲ ಬಸಿರು, ಈಗ 21 ವಾರ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ ಅಂತ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರು. ರಿಪೋರ್ಟಿನ ಕೊನೇ ಸಾಲಲ್ಲಿ ‘ಮೈಲ್ಡ್ ಪಿಎಎಚ್, ಆರ್‌ವಿಎಸ್‌ಪಿ 39’ ಅಂತ ಬರೆದಿದ್ದಾರೆ, ಪಿಎಎಚ್ ಅಂದರೆ ಶ್ವಾಸಕೋಶದ ಬಿಪಿಯಂತೆ. ಅದೇ ಹಾಳೆಯಲ್ಲಿ ಟಿಆರ್ ವೇಗ 2.7 ಅಂತಲೂ ಇದೆ. ಹಿಮೋಗ್ಲೋಬಿನ್ 8.4. ನಾನು ಹುಟ್ಟುವಾಗ ಅಮ್ಮನಿಗೆ ಬಿಪಿ ಏರಿ, ಮೈಯೆಲ್ಲಾ ಊದಿ, ಎಂಟನೇ ತಿಂಗಳಲ್ಲೇ (32 ವಾರ) ಹೆರಿಗೆ ಮಾಡಿಸಿದರಂತೆ. ತೂಕ ಒಂದೂವರೆ ಕೆಜಿ, ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ‘ಏಳನೇ ತಿಂಗಳಲ್ಲಿ ಹುಟ್ಟಿದ್ದರೂ ಗಟ್ಟಿಯಾಗಿರುತ್ತಿದ್ದಳು, ಎಂಟರ ಕೂಸು ಯಾವತ್ತೂ ಹಗುರ’ ಅಂತಾರೆ ಅತ್ತೆ. ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ದುಡಿದು ಎದೆ ಕೆಟ್ಟು ಹೋದವರು. ಅದೇ ನನಗೂ ಬಂದಿದೆಯಾ? ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಇದೆ, ನಾನೂ ಒಲೆ ಪಕ್ಕ ಕೂರುತ್ತೇನೆ. ನನ್ನ ಮಗುವಿಗೂ ಹೀಗೇ ಆಗುತ್ತಾ? ಹೆರಿಗೆ ಆದಮೇಲೆ ಕೇದಾರನಾಥಕ್ಕೆ ಹರಕೆ ಇದೆ, ಹೋಗಬಹುದಾ?

ಉತ್ತರ: ಇದರಲ್ಲಿ ನಾಲ್ಕೈದು ಭಯಗಳು ಒಂದಕ್ಕೊಂದು ಗಂಟು ಬಿದ್ದಿವೆ. ಬಿಡಿಸೋಣ. ಮೊದಲು ಆ ಎಕೋ ಹಾಳೆಯನ್ನೇ ಎತ್ತಿಕೊಳ್ಳೋಣ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ.

ಆರ್‌ವಿಎಸ್‌ಪಿ ಅಂದರೆ ಶ್ವಾಸಕೋಶಕ್ಕೆ ರಕ್ತ ನೂಕುವ ಬಲ ಹೃತ್ಕುಕ್ಷಿಯ ಒತ್ತಡ. ಅದರ 39 ಎಂಬ ಅಂಕಿಯನ್ನು ಯಾರೂ ನೇರವಾಗಿ ಅಳೆದಿಲ್ಲ. ಹೃದಯದ ಬಲಭಾಗದ ಕವಾಟದಿಂದ ಪ್ರತಿ ಬಡಿತಕ್ಕೂ ಒಂದಿಷ್ಟು ರಕ್ತ ಹಿಂದಕ್ಕೆ ಸೋರುತ್ತದೆ. ಆರೋಗ್ಯವಂತರಲ್ಲೂ ಸೋರುತ್ತದೆ. ಎಕೋ ಯಂತ್ರ ಆ ಸೋರಿಕೆಯ ವೇಗವನ್ನು ಅಳೆಯುತ್ತದೆ. ಅದೇ ಟಿಆರ್ ವೇಗ, ನಿಮ್ಮದು ಸೆಕೆಂಡಿಗೆ 2.7 ಮೀಟರ್. ಈ ವೇಗವನ್ನು ಅದರಿಂದಲೇ ಗುಣಿಸಿ, ನಾಲ್ಕರಿಂದ ಇನ್ನೊಮ್ಮೆ ಗುಣಿಸಿದರೆ 29 ಬರುತ್ತದೆ. ಅದಕ್ಕೆ ಬಲ ಹೃತ್ಕರ್ಣದ ಒತ್ತಡ ಅಂತ ಒಂದು ಅಂದಾಜು ಸಂಖ್ಯೆಯನ್ನು ಕೂಡಿಸುತ್ತಾರೆ. ಹೊಟ್ಟೆಯಿಂದ ಹೃದಯಕ್ಕೆ ಬರುವ ದೊಡ್ಡ ರಕ್ತನಾಳ ತೆಳ್ಳಗಿದ್ದು, ಉಸಿರೆಳೆದಾಗ ಅರ್ಧಕ್ಕಿಂತ ಹೆಚ್ಚು ಕುಗ್ಗಿದರೆ ಕೂಡಿಸಬೇಕಾದದ್ದು 3. ಆಗ ನಿಮ್ಮ ಆರ್‌ವಿಎಸ್‌ಪಿ 32. ಕೆಲವು ಕಡೆ ಅದನ್ನು ನೋಡುವ ಗೋಜಿಗೇ ಹೋಗದೆ ಎಲ್ಲರಿಗೂ 10 ಕೂಡಿಸುವ ರೂಢಿ ಇದೆ. ನಿಮ್ಮ 39 ಬಂದಿರುವುದು ಹಾಗೆ. ಅದೇ ಹೃದಯ, ಅದೇ ಸೋರಿಕೆ. ಒಂದು ಕೂಡಿಕೆಯಲ್ಲಿ ‘ನಾರ್ಮಲ್’, ಇನ್ನೊಂದರಲ್ಲಿ ‘ಮೈಲ್ಡ್ ಪಿಎಎಚ್’. ಅದಕ್ಕೇ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಆರ್‌ವಿಎಸ್‌ಪಿಯನ್ನು ಬದಿಗಿಟ್ಟು ವೇಗವನ್ನೇ ನೋಡಿ ಅನ್ನುತ್ತವೆ. ವೇಗ 2.8 ಅಥವಾ ಅದಕ್ಕಿಂತ ಕಡಿಮೆ ಇದ್ದು ಹೃದಯದ ಬಲಭಾಗ ಚೆನ್ನಾಗಿದ್ದರೆ ಕಾಯಿಲೆಯ ಸಾಧ್ಯತೆ ಕಡಿಮೆ, 2.9ರಿಂದ 3.4 ಮಧ್ಯಮ, 3.4 ದಾಟಿದರೆ ಹೆಚ್ಚು.

‘ಪಿಎಎಚ್’ ಎಂಬ ಮೂರಕ್ಷರವನ್ನೂ ನಮ್ಮಲ್ಲಿ ತುಂಬಾ ಸಲೀಸಾಗಿ ಬರೆಯುತ್ತಾರೆ. ಅದು ಶ್ವಾಸಕೋಶದ ಸಣ್ಣ ಅಪಧಮನಿಗಳೇ ದಪ್ಪಗಾಗಿ ಕಿರಿದಾಗುವ ಒಂದು ನಿರ್ದಿಷ್ಟ ಕಾಯಿಲೆ. ಲೆಕ್ಕ ಇಟ್ಟಿರುವ ಮುಂದುವರಿದ ದೇಶಗಳಲ್ಲಿ ಹತ್ತು ಲಕ್ಷ ವಯಸ್ಕರಲ್ಲಿ ಸುಮಾರು 50 ಜನಕ್ಕೆ ಇರುತ್ತದೆ. ಇದೆ ಅಂತ ಹೇಳಬೇಕಾದರೆ ತೊಡೆ, ಕತ್ತು ಅಥವಾ ತೋಳಿನ ರಕ್ತನಾಳದಿಂದ ತೆಳು ನಳಿಕೆ ತೂರಿಸಿ ಶ್ವಾಸಕೋಶದ ಅಪಧಮನಿಯ ಒತ್ತಡವನ್ನು ಒಳಗೇ ಅಳೆಯಬೇಕು. ಸರಾಸರಿ ಒತ್ತಡ 20 ದಾಟಿದರೆ ಮಾತ್ರ ಏರಿದೆ ಅಂತ ಅರ್ಥ. ಮೊದಲು ಈ ಗಡಿ 25 ಇತ್ತು, 2018ರ ಜಾಗತಿಕ ತಜ್ಞರ ಸಭೆಯಲ್ಲಿ ಇಳಿಸಿದರು. ಒತ್ತಡ ಏರಿದ್ದರೂ ಅದು ಪಿಎಎಚ್ ಆಗಿರಬೇಕೆಂದಿಲ್ಲ. ನಮ್ಮ ಕಡೆ ಹೆಚ್ಚು ಕಾಣುವುದು ಹೃದಯದ ಎಡಭಾಗದ ತೊಂದರೆ, ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಕಿರಿದಾದ ಮೈಟ್ರಲ್ ಕವಾಟ, ವರ್ಷಗಟ್ಟಲೆ ಒಲೆ ಹೊಗೆ ಕುಡಿದ ಶ್ವಾಸಕೋಶ, ಹೃದಯದಲ್ಲಿ ಹುಟ್ಟಿನಿಂದಲೇ ಇದ್ದು ಯಾರ ಕಣ್ಣಿಗೂ ಬೀಳದ ರಂಧ್ರ, ಇಂಥವು.

ಇನ್ನು ನೀವು ಬಸುರಿ. ಬಸಿರಿನಲ್ಲಿ ಹೃದಯ ನಿಮಿಷಕ್ಕೆ ನೂಕುವ ರಕ್ತ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಹೆಚ್ಚುತ್ತದೆ. ಹಿಮೋಗ್ಲೋಬಿನ್ 8.4 ಇದ್ದಾಗ, ತೆಳುವಾದ ರಕ್ತದಲ್ಲೇ ಅಷ್ಟು ಆಮ್ಲಜನಕ ಸಾಗಿಸಬೇಕು ಅಂತ ಹೃದಯ ಇನ್ನೂ ಓಡುತ್ತದೆ. ಹರಿವು ಹೆಚ್ಚಿದರೆ ಸೋರಿಕೆಯ ವೇಗವೂ ಹೆಚ್ಚುತ್ತದೆ. ಬಸುರಿಯರ ಎಕೋದಲ್ಲಿ ಒತ್ತಡ ಹೆಚ್ಚು ತೋರಿಸಿ, ನಳಿಕೆ ಹಾಕಿ ನೋಡಿದಾಗ ಸರಿಯಾಗಿಯೇ ಇರುವುದು ಅಪರೂಪವಲ್ಲ. ನಿಮ್ಮ ಏದುಸಿರಿನ ಮೊದಲ ಆರೋಪಿ ರಕ್ತಹೀನತೆ, ಶ್ವಾಸಕೋಶವಲ್ಲ.

ಹಾಗಂತ ನೀವು ಕೇಳಿದ ಮೂಲ ಪ್ರಶ್ನೆ ಹುರುಳಿಲ್ಲದ್ದಲ್ಲ. ಬೇಗ ಹುಟ್ಟಿದವರ, ಕಡಿಮೆ ತೂಕದವರ, ತಾಯಿಗೆ ಬಿಪಿ ಏರಿ ಹುಟ್ಟಿದವರ ಶ್ವಾಸಕೋಶದ ರಕ್ತನಾಳಗಳಲ್ಲಿ ದೊಡ್ಡವರಾದ ಮೇಲೂ ಒಂದು ಗುರುತು ಉಳಿಯುತ್ತದೆ. ಇದು ಅಜ್ಜಿಕತೆಯಲ್ಲ.

ನಿಮ್ಮ ಕಡೆಯ ತೋಟಗಳಲ್ಲಿ ಡ್ರಿಪ್ ಹಾಕುವ ಕ್ರಮ ನಿಮಗೆ ಗೊತ್ತಿರುತ್ತದೆ. ಮೊದಲು ಮೇನ್ ಪೈಪು, ಆಮೇಲೆ ಸಬ್‌ಮೇನ್, ಕೊನೆಗೆ ಸಾಲುಸಾಲಿಗೆ ಲ್ಯಾಟರಲ್. ಶ್ವಾಸಕೋಶದಲ್ಲೂ ಹಾಗೇ. ಗಾಳಿಕೊಳವೆಗಳ ಜೊತೆಜೊತೆಗೇ ಓಡುವ ದೊಡ್ಡ, ಮಧ್ಯಮ ಅಪಧಮನಿಗಳ ಕವಲುಗಳು ಬಸಿರಿನ 16-17ನೇ ವಾರಕ್ಕೆಲ್ಲಾ ಹಾಕಿ ಮುಗಿದಿರುತ್ತವೆ. ಗಾಳಿಗೂಡುಗಳ ಸುತ್ತ ಹೆಣೆದುಕೊಳ್ಳುವ ಕೂದಲೆಳೆಯ ನಾಳಗಳು, ಅಂದರೆ ಲ್ಯಾಟರಲ್‌ಗಳು, ಆಮೇಲಿನ ಕೆಲಸ. ಅದು ಕೊನೆಯ ಮೂರು ತಿಂಗಳಲ್ಲಿ ವೇಗ ಪಡೆದು ಹುಟ್ಟಿದ ಮೇಲೂ ವರ್ಷಗಟ್ಟಲೆ ನಡೆಯುತ್ತದೆ. ತುಂಬು ತಿಂಗಳ ಮಗುವಿನಲ್ಲೂ ಗಾಳಿಗೂಡುಗಳು ಇರುವುದು ಕೆಲವೇ ಕೋಟಿ. ದೊಡ್ಡವರಲ್ಲಿ 30ರಿಂದ 50 ಕೋಟಿ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಗಾಳಿಗೂಡು ಬೆಳೆದು ಅದರ ಸುತ್ತ ನಾಳ ಬರುತ್ತದೆ ಅಂತ ಹಿಂದೆ ಅಂದುಕೊಂಡಿದ್ದರು. ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿದ್ದು ಬೇರೆಯೇ: ನಾಳಗಳ ಬೆಳವಣಿಗೆ ತಡೆದರೆ ಗಾಳಿಗೂಡುಗಳೂ ಬೆಳೆಯುವುದಿಲ್ಲ. ನಾಳ ಮುಂದೆ, ಗೂಡು ಹಿಂದೆ.

ಹೊಟ್ಟೆಯಲ್ಲಿರುವಾಗ ಈ ಜಾಲಕ್ಕೆ ಹೆಚ್ಚು ಕೆಲಸವಿಲ್ಲ. ಆಮ್ಲಜನಕ ಮಾಸಿನಿಂದ ಬರುತ್ತದೆ. ಮಗುವಿನ ಹೃದಯ ನೂಕುವ ರಕ್ತದಲ್ಲಿ ಶ್ವಾಸಕೋಶಕ್ಕೆ ಹೋಗುವುದು ಹತ್ತರಲ್ಲಿ ಒಂದೆರಡು ಪಾಲು ಅಷ್ಟೇ. ಅಲ್ಲಿನ ನಾಳಗಳು ಮುಷ್ಟಿ ಬಿಗಿದ ಹಾಗೆ ಬಿಗಿದುಕೊಂಡಿರುತ್ತವೆ, ಉಳಿದ ರಕ್ತ ಡಕ್ಟಸ್ ಎಂಬ ಅಡ್ಡದಾರಿಯಲ್ಲಿ ದೇಹಕ್ಕೆ ಹೋಗುತ್ತದೆ. ಹುಟ್ಟಿದ ಕ್ಷಣ, ಮೊದಲ ಅಳುವಿನಲ್ಲಿ ಗಾಳಿ ತುಂಬಿದ ಕೂಡಲೇ ಗೇಟ್‌ವಾಲ್ವ್ ತಿರುಗಿಸಿದಂತೆ ನಾಳಗಳು ಸಡಿಲವಾಗಿ ಹರಿವು ಎಂಟು ಹತ್ತು ಪಟ್ಟು ಹೆಚ್ಚುತ್ತದೆ. ಒತ್ತಡ ಮೊದಲ ದಿನವೇ ಸುಮಾರು ಅರ್ಧಕ್ಕೆ ಬರುತ್ತದೆ, ದೊಡ್ಡವರ ಮಟ್ಟಕ್ಕೆ ಇಳಿಯಲು ಕೆಲವು ವಾರ ಬೇಕು. ಸಾವಿರ ಹೆರಿಗೆಗೆ ಸುಮಾರು ಎರಡರಲ್ಲಿ ಈ ವಾಲ್ವ್ ಸರಿಯಾಗಿ ತೆರೆಯುವುದಿಲ್ಲ. ಮಗು ನೀಲಿಗಟ್ಟುತ್ತದೆ, ಐಸಿಯು ಬೇಕಾಗುತ್ತದೆ.

32 ವಾರಕ್ಕೆ ಹುಟ್ಟಿದ ನಿಮ್ಮ ವಿಷಯದಲ್ಲಿ ಆದದ್ದೇನು? ಮೇನ್ ಪೈಪು, ಸಬ್‌ಮೇನ್ ಸರಿಯಾಗಿಯೇ ಇವೆ. ಲ್ಯಾಟರಲ್ ಹಾಕುವ ಹೊತ್ತಿಗೆ ಕತ್ತಲ ಗರ್ಭದಿಂದ ಹೊರಗೆ ಬಂದು, ಹೊರಗಿನ ಗಾಳಿಯ ಆಮ್ಲಜನಕ, ಸೋಂಕು, ಉಸಿರಾಟದ ಶ್ರಮಗಳ ನಡುವೆ ಕೆಲಸ ಮುಂದುವರಿಸಬೇಕಾಯಿತು. ಅದರಿಂದ ನಾಳಗಳ ಸಂಖ್ಯೆ ಸ್ವಲ್ಪ ಕಡಿಮೆಯಾಗಬಹುದು, ಗೋಡೆಯ ಸ್ನಾಯು ಇರಬಾರದಷ್ಟು ತುದಿಯವರೆಗೂ ಬೆಳೆದಿರಬಹುದು. ಜೊತೆಗೆ ನಿಮ್ಮ ತಾಯಿಗೆ ಬಿಪಿ ಏರಿತ್ತು ಅಂದರೆ ಮಾಸಿಗೇ ರಕ್ತ ಸರಿಯಾಗಿ ಬರುತ್ತಿರಲಿಲ್ಲ. ಅಂಥ ಮಾಸು ತಾಯಿಯ ರಕ್ತಕ್ಕೆ ಬಿಡುವ ಕೆಲವು ಪ್ರೋಟೀನುಗಳು ಹೊಸ ನಾಳ ಬೆಳೆಯುವುದನ್ನೇ ತಡೆಯುತ್ತವೆ. ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಟ್ಟು ನಾಳವನ್ನು ಸಡಿಲಿಸುತ್ತದೆ. ಆ ಸಾಮರ್ಥ್ಯವೂ ಒಂದಿಷ್ಟು ಕುಂದುತ್ತದೆ.

ಇದಕ್ಕೆ ನೇರ ಸಾಕ್ಷಿ ಎತ್ತರದ ಜಾಗಗಳಿಂದ ಬಂದಿದೆ, ಏಕೆಂದರೆ ಆಮ್ಲಜನಕ ಕಡಿಮೆಯಾದ ಕಡೆ ಶ್ವಾಸಕೋಶದ ನಾಳಗಳ ನಿಜಬಣ್ಣ ಬಯಲಾಗುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು, ಹುಟ್ಟಿದ ಮೊದಲ ದಿನಗಳಲ್ಲಿ ಶ್ವಾಸಕೋಶದ ಒತ್ತಡ ಏರಿ ಆಮೇಲೆ ಪೂರ್ತಿ ಗುಣವಾಗಿದ್ದ ಯುವಕರನ್ನು ಆಲ್ಪ್ಸ್‌ನ 4,559 ಮೀಟರ್ ಎತ್ತರಕ್ಕೆ ಕರೆದೊಯ್ದು ಅಳೆದರು. ಜೊತೆಗಿದ್ದ ಬೇರೆಯವರಿಗಿಂತ ಅವರ ಒತ್ತಡ ಹೆಚ್ಚು ಏರಿತು. ಇಪ್ಪತ್ತು ವರ್ಷದ ಹಿಂದಿನ ಒಂದು ವಾರವನ್ನು ನಾಳಗಳು ಮರೆತಿರಲಿಲ್ಲ. ಇದು 1999ರ ಮಾತು. ಅದೇ ತಂಡ 2010ರಲ್ಲಿ ಬೊಲಿವಿಯಾದ ಲಾಪಾಜ್‌ನಲ್ಲಿ, ಸುಮಾರು 3,600 ಮೀಟರ್ ಎತ್ತರದಲ್ಲಿ, ತಾಯಿಗೆ ಬಿಪಿ ಏರಿ ಹುಟ್ಟಿದ ಮಕ್ಕಳನ್ನು ನೋಡಿತು. ಅವರ ಶ್ವಾಸಕೋಶದ ಒತ್ತಡ ಇತರ ಮಕ್ಕಳಿಗಿಂತ ಸುಮಾರು 30 ಶೇಕಡಾ ಹೆಚ್ಚಿತ್ತು.

ಆ ಲಾಪಾಜ್ ಅಧ್ಯಯನದ ಇನ್ನೊಂದು ತುಣುಕು ನಿಮಗೆ ಮುಖ್ಯ. ಅದೇ ತಾಯಂದಿರಿಗೆ ಬಿಪಿ ಇಲ್ಲದ ಬಸಿರಿನಲ್ಲಿ ಹುಟ್ಟಿದ ಅಣ್ಣತಮ್ಮ ಅಕ್ಕತಂಗಿಯರನ್ನೂ ಪರೀಕ್ಷಿಸಿದರು. ಅವರ ನಾಳಗಳು ಸರಿಯಾಗಿದ್ದವು. ಅಂದರೆ ಗುರುತು ಬಿದ್ದದ್ದು ವಂಶದಿಂದಲ್ಲ, ಆ ಒಂಬತ್ತು ತಿಂಗಳಿಂದ. ‘ನನ್ನ ಮಗುವಿಗೂ ಹೀಗೇ ಆಗುತ್ತಾ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಿಮ್ಮ ಶ್ವಾಸಕೋಶ ಹೇಗಿದೆ ಎನ್ನುವುದಕ್ಕಿಂತ ಈಗ ನಡೆಯುತ್ತಿರುವ ಬಸಿರು ಹೇಗೆ ಸಾಗುತ್ತದೆ ಎನ್ನುವುದು ಮಗುವಿಗೆ ದೊಡ್ಡದು.

ಗುರುತು ಬೇರೆ, ಕಾಯಿಲೆ ಬೇರೆ. ಬೇಗ ಹುಟ್ಟಿದವರಿಗೆ ಮುಂದೆ ಶ್ವಾಸಕೋಶದ ಒತ್ತಡ ಏರುವ ಸಾಧ್ಯತೆ ಇತರರಿಗಿಂತ ಹೆಚ್ಚು, ಆದರೆ ಕಾಯಿಲೆಯೇ ಅಪರೂಪದ್ದಾದ್ದರಿಂದ ಬಹುಪಾಲು ಜನಕ್ಕೆ ಅದು ಬರುವುದಿಲ್ಲ. ಅವರಲ್ಲಿ ಇರುವುದು ಕಡಿಮೆ ಮೀಸಲು. ಸಾಮಾನ್ಯರಲ್ಲಿ ಓಡುವಾಗ ಮುಚ್ಚಿದ್ದ ನಾಳಗಳೆಲ್ಲಾ ತೆರೆದುಕೊಂಡು, ಹರಿವು ನಾಲ್ಕು ಪಟ್ಟಾದರೂ ಒತ್ತಡ ಅಷ್ಟಾಗಿ ಏರುವುದಿಲ್ಲ. ಮೀಸಲು ಕಡಿಮೆ ಇದ್ದವರಲ್ಲಿ ಬೇಗ ಏರುತ್ತದೆ, ಬೇಗ ಸುಸ್ತಾಗುತ್ತದೆ. ಇದರ ಮೇಲೆ ಎರಡನೇ ಪೆಟ್ಟು ಬಿದ್ದಾಗ, ಅಂದರೆ ಬೀಡಿ ಸಿಗರೇಟು, ಒಲೆ ಹೊಗೆ, ಬೊಜ್ಜು, ನಿದ್ದೆಯಲ್ಲಿ ಉಸಿರುಗಟ್ಟುವ ಗೊರಕೆ, ಶ್ವಾಸಕೋಶದಲ್ಲಿ ರಕ್ತ ಹೆಪ್ಪು ಇವು ಸೇರಿಕೊಂಡಾಗ, ತೊಂದರೆ ಎದ್ದು ಕಾಣುತ್ತದೆ. 28 ವಾರಕ್ಕೂ ಮುಂಚೆ ಹುಟ್ಟಿ, ತಿಂಗಳುಗಟ್ಟಲೆ ಆಮ್ಲಜನಕದ ಮೇಲಿದ್ದ ಮಕ್ಕಳ ಕತೆ ಬೇರೆ; ಅವರಿಗೆ ನಿಯಮಿತ ಎಕೋ ಬೇಕು. ಮೂರು ವಾರ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದ ನಿಮ್ಮದು ಆ ಗುಂಪಲ್ಲ.

ಹುಟ್ಟಿನ ತೂಕ ಮುಂದಿನ ಬಾಳನ್ನು ಹೇಗೆ ತಟ್ಟುತ್ತದೆ ಎಂಬ ವಿಚಾರಕ್ಕೆ ನಮ್ಮ ಮೈಸೂರಿನ ಕೊಡುಗೆಯೂ ಇದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಮಕ್ಕಳ ಹುಟ್ಟುತೂಕವನ್ನು ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದಾಗ ಹುಡುಕಿ ಪರೀಕ್ಷಿಸಿದರೆ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚಿತ್ತು. 1996ರಲ್ಲಿ ಪ್ರಕಟವಾದ ಈ ಲೆಕ್ಕ ಶ್ವಾಸಕೋಶದ್ದಲ್ಲ ನಿಜ, ಆದರೆ ವಿಚಾರ ಅದೇ ಬೇರಿನದು.

ಈಗ ಮನೆಮಾತುಗಳಿಗೆ ಬರೋಣ. ಏಳರ ಕೂಸು ಗಟ್ಟಿ, ಎಂಟರದು ಹಗುರ ಎಂಬುದು ಶುದ್ಧ ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಶ್ವಾಸಕೋಶಕ್ಕೆ ಲಾಭ, ಎಂಟು ಏಳಕ್ಕಿಂತ ಯಾವತ್ತೂ ಮೇಲು. ಏಳನೇ ತಿಂಗಳಲ್ಲಿ ಹುಟ್ಟಿ ಬದುಕಿದ ಮಗುವನ್ನು ಊರೆಲ್ಲಾ ನೆನಪಿಟ್ಟುಕೊಳ್ಳುತ್ತದೆ, ಉಳಿಯದವನ್ನು ಯಾರೂ ಎಣಿಸುವುದಿಲ್ಲ. ಮಾತು ಹುಟ್ಟಿದ್ದು ಹಾಗೆ. ನಿಮ್ಮ ತಾತನವರ ಎದೆ ಕೆಡಿಸಿದ್ದು ಬಹುಶಃ ಸಿಲಿಕೋಸಿಸ್, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಾಯದ ಗಂಟು ಕಟ್ಟುವ ಕಾಯಿಲೆ. ಧೂಳು ಕುಡಿದವರಿಗೆ ಬರುತ್ತದೆ, ಮೊಮ್ಮಕ್ಕಳಿಗೆ ಇಳಿಯುವುದಿಲ್ಲ. ನೀವು ಕೇಳದಿದ್ದರೂ ಒಂದು ಮಾತು, ಏಕೆಂದರೆ ನಿಮ್ಮ ಜಿಲ್ಲೆಯವರು, ಪಾವಗಡದ ಕಡೆಯವರು ಇದನ್ನು ಕೇಳೇ ಕೇಳುತ್ತಾರೆ: ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಾಳಾಗುವುದು ಮುಖ್ಯವಾಗಿ ಹಲ್ಲು ಮತ್ತು ಮೂಳೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬೇಡಿ, ಆದರೆ ಈ ಎಕೋ ರಿಪೋರ್ಟನ್ನು ಅದರ ತಲೆಗೆ ಕಟ್ಟಬೇಡಿ.

‘ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ’ ಅಂತ ಏಳನೇ ತಿಂಗಳಿಂದ ಊಟ ತಗ್ಗಿಸುವ ಮನೆಗಳು ಇನ್ನೂ ಇವೆ. ಮೇಲೆ ಹೇಳಿದ ಲ್ಯಾಟರಲ್ ಹಾಕುವ ಕಾಲ ಅದೇ. ದಯವಿಟ್ಟು ತಗ್ಗಿಸಬೇಡಿ.

ಮುಂದೆ ಮಾಡಬೇಕಾದ್ದರಲ್ಲಿ ಮೊದಲನೆಯದು ರಕ್ತ. 8.4 ಅಂದರೆ ಮಧ್ಯಮ ರಕ್ತಹೀನತೆ. ಸರ್ಕಾರಿ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಿಮ್ಮ ಮಟ್ಟಕ್ಕೆ ದಿನಕ್ಕೊಂದು ಸಾಲದು, ಎರಡು ಬೇಕು. ಖಾಲಿ ಹೊಟ್ಟೆಯಲ್ಲಿ ಅಥವಾ ಊಟವಾಗಿ ಎರಡು ಗಂಟೆಯ ಮೇಲೆ, ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಿ. ಕಾಫಿ ಟೀ ಕನಿಷ್ಠ ಒಂದು ಗಂಟೆ ದೂರ. ಕ್ಯಾಲ್ಸಿಯಂ ಮಾತ್ರೆಯನ್ನು ಜೊತೆಗೇ ನುಂಗುವುದು ನಾವು ದಿನಾ ನೋಡುವ ತಪ್ಪು. ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ, ಎರಡು ಗಂಟೆ ಅಂತರ ಇರಲಿ. ಮಲ ಕಪ್ಪಾದರೆ ಹೆದರಬೇಡಿ. ಮಸ್ಸೊಪ್ಪು, ಹುರುಳಿ ಸಾರು, ರಾಗಿ ಒಳ್ಳೆಯವೇ, ಆದರೆ ಸೊಪ್ಪು ತಿಂದು 8.4ನ್ನು 11 ಮಾಡಲು ನಿಮಗೆ ಸಮಯವಿಲ್ಲ. ಜಂತುಹುಳುವಿನ ಮಾತ್ರೆ ಕೊಟ್ಟಿಲ್ಲದಿದ್ದರೆ ಕೇಳಿ. ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಕೂಡ ಏರದಿದ್ದರೆ ಅಥವಾ ಮಾತ್ರೆ ನುಂಗಿದರೆ ವಾಂತಿಯಾಗುತ್ತಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡಿಸಿಕೊಳ್ಳಬಹುದು. ಅಪರೂಪಕ್ಕೆ ಅಲರ್ಜಿ ಆಗುವುದರಿಂದ ಅದನ್ನು ಆಸ್ಪತ್ರೆಯಲ್ಲೇ ಹಾಕಿಸಬೇಕು.

ಎರಡನೆಯದು 28ನೇ ವಾರದ ಸುಮಾರಿಗೆ, ರಕ್ತ ಸುಧಾರಿಸಿದ ಮೇಲೆ, ಇನ್ನೊಂದು ಎಕೋ. ಬರೆಸಿಕೊಂಡು ಹೋಗುವಾಗ ಇಷ್ಟು ಕೇಳಿ: ಬಲ ಹೃತ್ಕುಕ್ಷಿ ದೊಡ್ಡದಾಗಿದೆಯೇ, ನಡುಗೋಡೆ ಚಪ್ಪಟೆಯಾಗಿದೆಯೇ, ಮೈಟ್ರಲ್ ಕವಾಟ ಹೇಗಿದೆ, ಹೃತ್ಕರ್ಣಗಳ ನಡುವೆ ರಂಧ್ರ ಇದೆಯೇ. ಟ್ಯಾಪ್ಸೆ ಎಂಬ ಅಂಕಿ ಬಲ ಹೃತ್ಕುಕ್ಷಿಯ ಶಕ್ತಿ ಹೇಳುತ್ತದೆ. 17 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಇವೆಲ್ಲ ಸರಿ ಇದ್ದು ವೇಗ 2.8ರ ಒಳಗಿದ್ದರೆ ಈ ಅಧ್ಯಾಯ ಮುಗಿಯಿತು, ನಳಿಕೆ ಪರೀಕ್ಷೆಯ ಮಾತೇ ಬೇಡ. ವೇಗ 3ರ ಮೇಲೆ ಹೋಗಿ ಬಲಭಾಗ ಹಿಗ್ಗಿದ್ದರೆ ಮಾತ್ರ ಕಾಯಬೇಡಿ, ಹೃದ್ರೋಗ ಮತ್ತು ಹೆರಿಗೆ ವಿಭಾಗ ಎರಡೂ ಒಟ್ಟಿಗೆ ನೋಡುವ ಬೆಂಗಳೂರಿನ ದೊಡ್ಡ ಆಸ್ಪತ್ರೆಗೇ ಹೋಗಿ. ನಿಜವಾದ ಪಿಎಎಚ್ ಇದ್ದರೆ ಬಸಿರು ತಾಯಿಯ ಜೀವಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಅದು ಅತ್ಯಂತ ಗಂಡಾಂತರದ ನಾಲ್ಕನೇ ದರ್ಜೆ. ನಿಮ್ಮ ಅಂಕಿಗಳು ಆ ಕಡೆ ಬೊಟ್ಟು ಮಾಡುತ್ತಿಲ್ಲ. ಆದರೂ ನಡೆಯುವಾಗ ಕಣ್ಣು ಕತ್ತಲೆ ಬಂದು ಬೀಳುವುದು, ಮಲಗಿದರೆ ಉಸಿರು ಸಿಕ್ಕಿಕೊಳ್ಳುವುದು, ತುಟಿ ನೀಲಿಯಾಗುವುದು, ಕೆಮ್ಮಿದರೆ ರಕ್ತ, ಒಂದೇ ಕಾಲು ಊದಿ ನೋಯುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ಆಸ್ಪತ್ರೆ ಸೇರಬೇಕು.

ಮೂರನೆಯದು ಬಿಪಿ, ನನ್ನ ಪ್ರಕಾರ ಮಗುವಿನ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯ. ಚೊಚ್ಚಲ, ತಾಯಿಗೆ ಬಸಿರಿನಲ್ಲಿ ಬಿಪಿ ಏರಿತ್ತು, ನೀವೇ ಕಡಿಮೆ ತೂಕದಲ್ಲಿ ಹುಟ್ಟಿದವರು. ಈ ಮೂರೂ ನಿಮಗೂ ಬಿಪಿ ಏರಬಹುದೆಂಬ ಸೂಚನೆಗಳು. ಇಂಥವು ಎರಡು ಇದ್ದರೂ ದಿನಕ್ಕೆ 75ರಿಂದ 150 ಮಿಲಿಗ್ರಾಂ ಆಸ್ಪಿರಿನ್ ಕೊಡುವ ಪದ್ಧತಿ ಇದೆ. 16 ವಾರದೊಳಗೆ ಶುರು ಮಾಡಿದರೆ ಫಲ ಹೆಚ್ಚು. 28ರವರೆಗೂ ಶುರು ಮಾಡುವವರಿದ್ದಾರೆ. ನಿಮ್ಮ ಹೆರಿಗೆ ವೈದ್ಯರಿಗೆ ಅಮ್ಮನ ಕತೆ ಹೇಳಿದ್ದೀರಾ? ಸಾಮಾನ್ಯವಾಗಿ ಯಾರೂ ಹೇಳಿರುವುದಿಲ್ಲ, ತಾಯಿ ಕಾರ್ಡಿನಲ್ಲಿ ಅದು ಬರೆದಿರುವುದೂ ಇಲ್ಲ. ಈ ವಾರವೇ ಹೇಳಿ, ಕಾರ್ಡಿನಲ್ಲಿ ಬರೆಸಿ. 140/90 ಮುಟ್ಟಿದರೆ, ತಲೆನೋವು, ಕಣ್ಣು ಮಂಜು, ಮುಖ ಊತ ಬಂದರೆ ಮುಂದಿನ ಚೆಕಪ್ಪಿಗೆ ಕಾಯಬೇಡಿ.

ಆಸ್ಪಿರಿನ್ ಅಂದ ಕೂಡಲೇ ನೋವಿನ ಮಾತ್ರೆ ವಿಷಯ ಹೇಳಲೇಬೇಕು. ಸೊಂಟನೋವಿಗೆ ಮೆಡಿಕಲ್ ಶಾಪಿನಲ್ಲಿ ಕೈಗೆ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಇವು 20 ವಾರದ ನಂತರ ಬೇಡವೇ ಬೇಡ. ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಸುತ್ತಲಿನ ನೀರು ಕಡಿಮೆಯಾಗಬಹುದು. ಕೊನೆಯ ಮೂರು ತಿಂಗಳಲ್ಲಾದರೆ ಡಕ್ಟಸ್ ಎಂಬ ಆ ಅಡ್ಡದಾರಿ ಹೊಟ್ಟೆಯಲ್ಲೇ ಮುಚ್ಚಿಕೊಳ್ಳಬಹುದು. ಆಗ ಹೋಗಬಾರದಷ್ಟು ರಕ್ತ ಬಿಗಿದ ಶ್ವಾಸಕೋಶದ ನಾಳಗಳಿಗೆ ನುಗ್ಗಿ, ಗೋಡೆ ದಪ್ಪವಾಗಿ, ಹುಟ್ಟಿದಾಗ ವಾಲ್ವ್ ತೆರೆಯುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕಡಿಮೆ ಪ್ರಮಾಣದ ಆಸ್ಪಿರಿನ್‌ಗೆ ಈ ದೋಷ ಕಂಡುಬಂದಿಲ್ಲ. ಮಗು ಬೆಳೆಯುತ್ತಿಲ್ಲ ಅಂತ ಸಿಲ್ಡೆನಾಫಿಲ್ ಮಾತ್ರೆ ಬರೆದುಕೊಟ್ಟರೆ ಎರಡನೇ ಅಭಿಪ್ರಾಯ ಕೇಳಿ. ನೆದರ್ಲೆಂಡ್ಸ್‌ನಲ್ಲಿ ಅದನ್ನು ಬಸುರಿಯರಿಗೆ ಕೊಟ್ಟು ನೋಡುತ್ತಿದ್ದ ಪ್ರಯೋಗವನ್ನು 2018ರಲ್ಲಿ ಅರ್ಧಕ್ಕೇ ನಿಲ್ಲಿಸಿದರು, ಹುಟ್ಟಿದ ಮಕ್ಕಳಲ್ಲಿ ಶ್ವಾಸಕೋಶದ ಒತ್ತಡದ ತೊಂದರೆ ಹೆಚ್ಚಾಗಿ ಕಂಡಿತು. ಶ್ವಾಸಕೋಶದ ನಾಳ ಸಡಿಲಿಸುವ ಔಷಧಿಯೇ ತಪ್ಪು ಹೊತ್ತಿನಲ್ಲಿ ಹೀಗೆ ತಿರುಗಿಬಿದ್ದಿತು.

ಹೊಗೆ. ರೇಷ್ಮೆಗೂಡು ಬೇಯಿಸುವ ಸೌದೆ ಒಲೆಯ ಹೊಗೆಯಲ್ಲಿ ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ನಿಮ್ಮಲ್ಲಿ ಇರುವುದೇ 8.4, ಅದರಲ್ಲೂ ಒಂದು ಪಾಲು ಹೀಗೆ ಸಿಕ್ಕಿಕೊಂಡರೆ ಮಗುವಿಗೆ ಉಳಿಯುವುದೇನು? ಒಲೆ ಸರದಿಯನ್ನು ಬೇರೆಯವರಿಗೆ ಬಿಡಿ. ಕೆಲಸ ಬಿಡಲಾಗದಿದ್ದರೆ ಗೂಡು ವಿಂಗಡಿಸುವುದು, ಲೆಕ್ಕ ಬರೆಯುವುದು ಹೀಗೆ ಬೆಂಕಿಯಿಂದ ದೂರದ್ದನ್ನು ಹಿಡಿಯಿರಿ. ಹೊಗೆಕೊಳವೆ ಮಾಡಿನಿಂದ ಮೇಲೆ ಎದ್ದಿದೆಯೇ, ಮಸಿ ಕಟ್ಟಿಕೊಂಡಿದೆಯೇ ಒಮ್ಮೆ ನೋಡಿಸಿ. ಹಾಗೆಂದು ಅಡುಗೆಮನೆಗೆ ಗ್ಯಾಸ್ ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ಹೇಳಲಾರೆ. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಸುರಿಯರಲ್ಲಿ ಅರ್ಧದಷ್ಟು ಜನಕ್ಕೆ ಗ್ಯಾಸ್ ಒಲೆ, ಸಿಲಿಂಡರ್ ಕೊಟ್ಟು ನೋಡಿದ ಅಧ್ಯಯನದಲ್ಲಿ ಹೊಗೆ ಚೆನ್ನಾಗಿ ಇಳಿಯಿತು, ಹುಟ್ಟುತೂಕ ಮಾತ್ರ ಹೇಳುವಷ್ಟು ಹೆಚ್ಚಲಿಲ್ಲ. ಬಸಿರಿನ ನಡುವೆ ಶುರು ಮಾಡಿದರೆ ತಡವಾಯಿತೋ ಏನೋ. ಆದರೂ ನಿಮ್ಮ ಸ್ವಂತ ಶ್ವಾಸಕೋಶಕ್ಕೆ ಹೊಗೆ ಎರಡನೇ ಪೆಟ್ಟು, ಅಷ್ಟು ಕಾರಣ ಸಾಕು. ಇದೇ ಲೆಕ್ಕದಲ್ಲಿ, ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದು, ಎಣ್ಣೆನೀರು ಹಾಕಿದ ಮೇಲೆ ಮಗುವಿನ ಮುಖಕ್ಕೇ ಸಾಂಬ್ರಾಣಿ ಹೊಗೆ ಹಿಡಿಯುವುದು ಬೇಡ. ಅತ್ತೆಯವರಿಗೆ ಶಾಸ್ತ್ರ ಬಿಡಲು ಮನಸ್ಸಿಲ್ಲದಿದ್ದರೆ ಸಾಂಬ್ರಾಣಿ ದೇವರ ಮನೆಯಲ್ಲಿರಲಿ, ಮಗು ಇನ್ನೊಂದು ಕೋಣೆಯಲ್ಲಿರಲಿ.

ಹೆರಿಗೆಯನ್ನು ನವಜಾತ ಶಿಶು ಘಟಕ ಇರುವ ಕಡೆಯೇ ಇಟ್ಟುಕೊಳ್ಳಿ, ಜಿಲ್ಲಾ ಆಸ್ಪತ್ರೆಯಾದರೂ ಸರಿ. 34 ವಾರದೊಳಗೆ ಹೆರಿಗೆಯಾಗುವ ಸೂಚನೆ ಬಂದರೆ ಮಗುವಿನ ಶ್ವಾಸಕೋಶ ಪಕ್ವವಾಗಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ; ಡೆಕ್ಸಾಮೆಥಸೋನ್ ಆದರೆ 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ನಾಲ್ಕು ಬಾರಿ. ದೊಡ್ಡ ಆಸ್ಪತ್ರೆಗೆ ಕಳಿಸುವುದಾದರೆ ಮೊದಲ ಡೋಸು ಕೊಟ್ಟೇ ಕಳಿಸಿ ಅಂತ ಕೇಳಿ. ಈ ಚಿಕಿತ್ಸೆ ನಮಗೆ ಸಿಕ್ಕಿದ್ದು ಕುರಿಮರಿಗಳಿಂದ. ನ್ಯೂಜಿಲೆಂಡಿನ ಲಿಗ್ಗಿನ್ಸ್ ಎಂಬ ವೈದ್ಯರು, ಹೊಟ್ಟೆಯಲ್ಲಿದ್ದಾಗಲೇ ಸ್ಟೀರಾಯ್ಡ್ ಪಡೆದು ದಿನ ತುಂಬುವ ಮುಂಚೆ ಹುಟ್ಟಿದ ಕುರಿಮರಿಗಳು ಉಸಿರಾಡಿದ್ದನ್ನು ಗಮನಿಸಿ, ಸಹೋದ್ಯೋಗಿ ಹೋವಿಯವರ ಜೊತೆ 1972ರಲ್ಲಿ ಬಸುರಿಯರ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟಿಸಿದರು.

ಸಿಸೇರಿಯನ್ ಆಗಲೇಬೇಕು ಅಂತಾದರೆ, ಮುಹೂರ್ತ ನೋಡಿ 37-38 ವಾರಕ್ಕೆ ಕೊಯ್ಸಿಕೊಳ್ಳಬೇಡಿ. ನೋವೇ ಬರದೆ, 39 ವಾರ ತುಂಬದೆ ಹೊರಗೆ ತೆಗೆದ ಮಗುವಿನಲ್ಲಿ ಶ್ವಾಸಕೋಶದ ನೀರು ಬೇಗ ಆರುವುದಿಲ್ಲ, ನಾಳಗಳು ಸಡಿಲವಾಗಲು ಬೇಕಾದ ಹಾರ್ಮೋನುಗಳ ತಯಾರಿಯೂ ಆಗಿರುವುದಿಲ್ಲ. ಪುರೋಹಿತರಿಗೆ 39 ವಾರ ತುಂಬುವ ತಾರೀಕು ಕೊಟ್ಟು, ಅದರಾಚೆಗೆ ಒಳ್ಳೆಯ ದಿನ ಹುಡುಕಿಕೊಡಿ ಅನ್ನಿ, ಸಿಕ್ಕೇ ಸಿಗುತ್ತದೆ. ಬಿಪಿ ಏರಿಯೋ ಮಗುವಿಗೆ ಅಪಾಯವಾಗಿಯೋ ವೈದ್ಯರೇ ಬೇಗ ಬೇಕು ಅಂದರೆ ಅದು ಬೇರೆ ಮಾತು, ಆಗ 39 ಅಂತ ಹಟ ಹಿಡಿಯಬಾರದು.

ಕೊನೆಗೆ ಹರಕೆ. ನಂದಿಬೆಟ್ಟ 1,478 ಮೀಟರ್, ಅದರಿಂದ ನಿಮಗೇನೂ ಆಗದು. ಕೇದಾರನಾಥ 3,583 ಮೀಟರ್, ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲು. ಬಸಿರಿನಲ್ಲಿ ಬೇಡ. ಹೆರಿಗೆಯಾಗಿ ಆರು ತಿಂಗಳಾದ ಮೇಲೆ ಹಿಮೋಗ್ಲೋಬಿನ್ 12ರ ಹತ್ತಿರ ಬಂದು, ಎಕೋ ಸರಿಯಾಗಿದ್ದರೆ ಹೋಗಿ ಬನ್ನಿ. ಆಲ್ಪ್ಸ್ ಹತ್ತಿದ ಆ ಯುವಕರಲ್ಲೂ ಒತ್ತಡ ಏರಿತೇ ಹೊರತು ಶ್ವಾಸಕೋಶದಲ್ಲಿ ನೀರು ತುಂಬಲಿಲ್ಲ. ಆದರೆ ಒಂದೇ ದಿನದಲ್ಲಿ ಹೆಲಿಕಾಪ್ಟರಿನಲ್ಲಿ ಮೇಲೇರಿ ಅಲ್ಲೇ ಉಳಿಯಬೇಡಿ. ಗುಪ್ತಕಾಶಿಯಲ್ಲೊಂದು, ಗೌರಿಕುಂಡದಲ್ಲೊಂದು ರಾತ್ರಿ ತಂಗಿ, ನಿಧಾನ ಹತ್ತಿ, ದರ್ಶನ ಮುಗಿಸಿ ಆದಷ್ಟು ಬೇಗ ಇಳಿಯಿರಿ. ತಲೆನೋವು, ವಾಂತಿ, ಕೂತಲ್ಲೇ ಏದುಸಿರು ಬಂದರೆ ಮಾತ್ರೆ ನುಂಗಿ ಕಾಯುವುದಲ್ಲ, ಇಳಿಯುವುದೇ ಔಷಧಿ. ಮಗುವನ್ನು ಮಾತ್ರ ಆ ಎತ್ತರಕ್ಕೆ ಕರೆದೊಯ್ಯಬೇಡಿ. ಅದರ ಲ್ಯಾಟರಲ್‌ಗಳು ಇನ್ನೂ ಹಾಕುತ್ತಿರುವ ಕಾಲ ಅದು, ಬಂಗಾರಪೇಟೆಯಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಹೋಗಿ.